ಒಂದು ಕೂಗಳತೆಗೆ ಎಷ್ಟು ಯೂನಿಟ್ಟು?

2026ರ ಜನವರಿ 12, ಸೋಮವಾರ, ಬೆಳಿಗ್ಗೆ 6.40. ಮೈಸೂರಿನ ನಮ್ಮ ಕಚೇರಿಯ ಗೇಟು. ಬ್ಯಾಟರಿ ನೂರಕ್ಕೆ ನೂರು. ಕಾರು ಅಲ್ಲಿಯವರೆಗೆ ಓಡಿದ್ದು 8,214 ಕಿಲೋಮೀಟರ್. ಮಂಜು. ನಾನೊಬ್ಬಳೇ.

ಡೈರಿಯಲ್ಲಿ ಆ ದಿನದ ಮೊದಲ ಸಾಲು ಇದು. ನಿಜಕ್ಕೂ ಇಬ್ಬರು ಹೊರಡಬೇಕಿತ್ತು. ಕಾರು ಓಡಿಸಬೇಕಿದ್ದ ಸಹೋದ್ಯೋಗಿ ಮೂರು ದಿನದ ಹಿಂದೆ ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಸಂಯೋಜಕರು ನನ್ನನ್ನು ಕರೆದು, "ಲೈಸೆನ್ಸ್ ಇದೆ ತಾನೆ? ನೀನೇ ಓಡಿಸ್ಕೊಂಡು ಹೋಗ್ಬಿಡಮ್ಮ, ಈಗ ಮುಂದಕ್ಕೆ ಹಾಕಿದ್ರೆ ಇಡೀ ಪಟ್ಟಿ ಕೆಟ್ಟೋಗುತ್ತೆ" ಎಂದರು. ಲೈಸೆನ್ಸ್ ಇತ್ತು. ಕಾರಿನ ಹಿಂದೆ ಏನನ್ನೂ ಕಟ್ಟಿಕೊಂಡು ಓಡಿಸಿದ ಅಭ್ಯಾಸ ಇರಲಿಲ್ಲ.

ನನ್ನ ಕೆಲಸ ಕಿವಿಯ ಪರೀಕ್ಷೆ. ಒಂದು ಸಣ್ಣ ಸೇವಾಸಂಸ್ಥೆಯಲ್ಲಿದ್ದೇನೆ. ಹಳ್ಳಿಗಳಲ್ಲಿ ಪರೀಕ್ಷೆ ಮಾಡುವಾಗಿನ ದೊಡ್ಡ ತೊಂದರೆ ಗದ್ದಲ. ಶಾಲೆಯ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರೆ ಪಕ್ಕದ ಕೋಣೆಯ ಮಗ್ಗಿ ಕೇಳಿಸುತ್ತದೆ. ವ್ಯಾನಿನಲ್ಲಿ ಮಾಡಿದರೆ ಜನರೇಟರ್ ಗುಡುಗುತ್ತದೆ. ಅದಕ್ಕೇ ಹೊಸ ಪ್ರಯೋಗವಾಗಿ ಹತ್ತು ಅಡಿಯ ಒಂದು ಕ್ಯಾಂಪಿಂಗ್ ಟ್ರೈಲರ್ ಕೊಂಡು, ಅದರ ಒಂದು ಅರ್ಧಕ್ಕೆ ದಪ್ಪ ಫೋಮು ಬಡಿದು ನಿಶ್ಶಬ್ದ ಕೋಣೆ ಮಾಡಿದ್ದರು. ಇನ್ನೊಂದು ಅರ್ಧದಲ್ಲಿ ಮಲಗುವ ಹಲಗೆ, ಒಂದು ಒಲೆ, ನೀರಿನ ಕ್ಯಾನು. ಸಾಮಾನೆಲ್ಲ ಸೇರಿ 540 ಕಿಲೋ. ಎಳೆಯುವುದಕ್ಕೆ ಎಲೆಕ್ಟ್ರಿಕ್ ಕಾರು.

ನಾಲ್ಕು ವಾರ, ನಾಲ್ಕು ತಾಲ್ಲೂಕು, ಇಪ್ಪತ್ತೆರಡು ಜಾಗ. ಮೊದಲು ಕೆ.ಆರ್. ನಗರ, ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಕೊನೆಗೆ ಎಚ್.ಡಿ. ಕೋಟೆ. ವರದಿಯ ಹಾಳೆಯಲ್ಲಿ ಪ್ರತಿ ಜಾಗದ ಮುಂದೆ ಎರಡೇ ಚೌಕ: 'ತಲುಪಿದೆ', 'ತಲುಪಲಿಲ್ಲ'. ಎರಡನೆಯದಕ್ಕೆ ಗುರುತು ಬಿದ್ದರೆ ಆ ಜಾಗ ಮುಂದಿನ ಪಟ್ಟಿಯಿಂದ ಹೋಗುತ್ತದೆ, ಅಲ್ಲಿನವರು ತಾಲ್ಲೂಕು ಕೇಂದ್ರಕ್ಕೆ ಬರಬೇಕು. ಅವರು ಬರುವುದಿಲ್ಲ ಎಂದು ನಮಗೆಲ್ಲ ಗೊತ್ತು.

ಹೊರಡುವ ಮುಂಚೆಯೇ ಎರಡು ಸಲ ಫೋನ್ ಮಾಡಿದ್ದವರು ಒಬ್ಬ ತಾಯಿ. ಅಂತರಸಂತೆಯ ಆಚೆ, ಕಬಿನಿ ಹಿನ್ನೀರಿನ ಅಂಚಿನ ಒಂದು ಕೊಪ್ಪಲಿನವರು. ಪಟ್ಟಿಯಲ್ಲಿ ಇಪ್ಪತ್ತೊಂದನೆಯ ಜಾಗ, ಫೆಬ್ರವರಿ 6, ಶುಕ್ರವಾರ. ಮಗಳಿಗೆ ಮೂರು ವರ್ಷ, ಇನ್ನೂ ಒಂದು ಮಾತಿಲ್ಲ. "ಕೂಗಿದ್ರೆ ತಿರುಗಾಕಿಲ್ಲ ಕಣ್ರೀ. ನಮ್ಮತ್ತೆ ಹಟ ಅಂತಾರೆ. ನೀವು ಶುಕ್ರವಾರ ತಪ್ಪುಸ್ಬೇಡಿ ಮೇಡಂ, ಶನಿವಾರ ಬೆಳಿಗ್ಗೇಲೇ ಜೀಪ್ ಬತ್ತದೆ, ಕಾಪಿ ಕುಯ್ಯಕ್ಕೆ ಕೊಡಗಿಗೆ ಓಯ್ತೀವಿ. ಆಮ್ಯಾಕೆ ಬರಾದು ಯುಗಾದಿಗೇಯ." ಊರು ಎಷ್ಟು ದೂರ ಎಂದು ಕೇಳಿದೆ. ದಾರಿಯಲ್ಲಿ ಸಿಗುವ ಹಿಂದಿನ ಊರಿನ ಹೆಸರು ಹೇಳಿ, "ಅಲ್ಲಿಂದ ಒಂದು ಕೂಗಳತೆ" ಎಂದರು. ಡೈರಿಯಲ್ಲಿ ಬರೆದುಕೊಂಡೆ: ಕೂಗಳತೆ, ಅಂದಾಜು ಒಂದು ಕಿಲೋಮೀಟರ್.

ಮೊದಲ ದಿನವೇ ಲೆಕ್ಕ ತಪ್ಪಿತು. ಟ್ರೈಲರ್ ಇಲ್ಲದೆ ಈ ಕಾರು ನೂರು ಕಿಲೋಮೀಟರಿಗೆ ಹದಿನಾಲ್ಕು ಯೂನಿಟ್ಟು ತಿನ್ನುತ್ತದೆ. ಟ್ರೈಲರ್ ಕಟ್ಟಿಕೊಂಡು ಅರವತ್ತರ ವೇಗದಲ್ಲಿ ಕೆ.ಆರ್. ನಗರ ಸೇರಿದಾಗ ನೋಡಿದರೆ ಇಪ್ಪತ್ತೇಳರ ಲೆಕ್ಕ. ಮಾರನೆಯ ದಿನ ನಲವತ್ತೈದಕ್ಕೆ ಇಳಿಸಿದೆ, ಇಪ್ಪತ್ತೊಂದಕ್ಕೆ ಬಂತು. ತೂಕಕ್ಕಿಂತ ಎದುರುಗಾಳಿಯೇ ಹೆಚ್ಚು ತಿನ್ನುತ್ತದೆ ಎಂದು ಗೊತ್ತಾದದ್ದು ಹಾಗೆ. ಟ್ರೈಲರಿನ ಮುಖ ಗೋಡೆಯಂತೆ ಚಪ್ಪಟೆ. ಇನ್ನೊಂದು ವಿಷಯ ಇಳಿಜಾರಿನದು. ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ಈ ಕಾರು ತಾನೇ ವೇಗ ತಗ್ಗಿಸಿ ಬ್ಯಾಟರಿಗೆ ವಿದ್ಯುತ್ ತುಂಬಿಕೊಳ್ಳುತ್ತದೆ. ಹಿಂದಿನ ಟ್ರೈಲರಿಗೆ ಅದು ತಿಳಿಯದು, ಬಂದು ಗುದ್ದುತ್ತದೆ. ಆ ಸೌಲಭ್ಯವನ್ನು ಅತಿ ಕಡಿಮೆ ಮಟ್ಟಕ್ಕೆ ಇಟ್ಟ ಮೇಲೆ ಗುದ್ದಾಟ ನಿಂತಿತು.

ಹಿಮ್ಮುಖ ಹೋಗುವುದು ಮಾತ್ರ ಬರಲೇ ಇಲ್ಲ. ಎಡಕ್ಕೆ ತಿರುಗಿಸಿದರೆ ಬಲಕ್ಕೆ, ಬಲಕ್ಕೆ ತಿರುಗಿಸಿದರೆ ಮಡಚಿಕೊಂಡು ಕಾರಿನ ಬಾಗಿಲಿಗೇ ಬರುತ್ತಿತ್ತು. ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ನಾನು ಹೀಗೆ ಒದ್ದಾಡುವಾಗ ಭತ್ತ ಇಳಿಸುತ್ತಿದ್ದವರೆಲ್ಲ ನಿಂತು ನೋಡಿದರು. "ಕಾರು ಕರ ಆಕೈತೆ ಕಣ್ಲಾ!" ಎಂದು ಒಬ್ಬ ಕೂಗಿದ. "ಕರ ತಾಯಿ ಮಾತು ಕೇಳ್ತಾ ಇಲ್ವಲ್ಲೋ" ಎಂದ ಇನ್ನೊಬ್ಬ. ಕೊನೆಗೆ ವಯಸ್ಸಾದ ಟ್ರ್ಯಾಕ್ಟರ್ ಚಾಲಕರೊಬ್ಬರು ಕಿಟಕಿಯ ಹತ್ತಿರ ಬಂದರು.

"ಅವ್ವಾ, ಸ್ಟೇರಿಂಗ್ ಮ್ಯಾಲ್ಗಡೆ ಇಡ್ಕಂಡಿದ್ದೀಯಲ್ಲ, ಅದೇ ತಪ್ಪು. ಕೆಳಗಡೆ ಇಡ್ಕೊ. ಟೇಲರು ಎತ್ಲಾಗ್ ಓಗ್ಬೇಕೋ, ಕೈ ಅತ್ಲಾಗ್ ತಗಂಡೋಗು. ಅಷ್ಟೇಯ."

ಅಷ್ಟೇ ಆಗಿತ್ತು. ಮೂರನೆಯ ಸಲಕ್ಕೆ ನೇರವಾಗಿ ಹೋಯಿತು. ಅವರು ಸುತ್ತ ನೋಡಿ, "ಒಬ್ಳೇನವ್ವಾ ಬಂದಿರಾದು?" ಎಂದು ಕೇಳಿದರು. ಅದು ಆ ಪ್ರಶ್ನೆಯ ಏಳನೆಯ ಸಲ. ಆ ದಿನದಿಂದ ಆ ಲೆಕ್ಕವನ್ನೂ ಡೈರಿಯಲ್ಲಿ ಬರೆಯತೊಡಗಿದೆ.

ಹುಣಸೂರಿನ ವಾರ ಕೊಂಡಿ ಕಳಚುವುದರಲ್ಲೇ ಹೋಯಿತು. ಹೆದ್ದಾರಿ ಪಕ್ಕದ ವೇಗದ ಚಾರ್ಜರ್‌ಗಳೆಲ್ಲ ಕಾರು ಮೂಗು ತೂರಿಸಿ ನಿಲ್ಲುವ ಹಾಗೆ ಇವೆ. ಹಿಂದೆ ಟ್ರೈಲರ್ ಇದ್ದರೆ ಅದು ದಾರಿಗೇ ಅಡ್ಡ. ಹಾಗಾಗಿ ಪ್ರತಿ ಸಲವೂ ಪಕ್ಕದಲ್ಲಿ ಜಾಗ ನೋಡಿ ಟ್ರೈಲರಿನ ಕೈಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಮುಂದಿನ ಪುಟ್ಟ ಚಕ್ರ ಇಳಿಸಿ, ದೀಪದ ವೈರು ಬಿಚ್ಚಿ, ಸರಪಳಿ ಬಿಚ್ಚಿ, ಕೊನೆಗೆ ಕೊಂಡಿ ಎತ್ತಬೇಕು. ಮತ್ತೆ ಕಟ್ಟುವಾಗ ಎಲ್ಲ ತಿರುಗಾಮುರುಗಾ. ಒಮ್ಮೆ ಪುಟ್ಟ ಚಕ್ರ ಮೇಲೆತ್ತಲು ಮರೆತು ವೀರನಹೊಸಹಳ್ಳಿಯ ದಾರಿಯಲ್ಲಿ ಇನ್ನೂರು ಮೀಟರ್ ಎಳೆದುಕೊಂಡು ಹೋದೆ. ಅದರ ರಬ್ಬರು ಸವೆದು ಒಂದು ಕಡೆ ಚಪ್ಪಟೆಯಾಯಿತು. ನಾಲ್ಕು ವಾರದಲ್ಲಿ ಒಟ್ಟು ಕಳಚಿದ್ದು 37 ಸಲ, ಕಟ್ಟಿದ್ದು 37 ಸಲ, ಬೆರಳು ಸಿಕ್ಕಿಸಿಕೊಂಡಿದ್ದು 4.

ಪಿರಿಯಾಪಟ್ಟಣದ ವಾರ ಸುಲಭವಾಗಿತ್ತು. ಬೈಲಕುಪ್ಪೆಯ ಅಂಗಡಿಯೊಂದರಲ್ಲಿ ಸಿಕ್ಕ ಹದಿನೈದು ಆಂಪಿಯರ್ ಸಾಕೆಟ್ಟು ಇಡೀ ಪ್ರಯಾಣದ ಅತ್ಯುತ್ತಮ ಸಾಕೆಟ್ಟು: 228 ವೋಲ್ಟ್, ಒಂದು ಸಲವೂ ಕೈಕೊಡಲಿಲ್ಲ. ಆದರೆ ಆ ವಾರವೇ ಡೈರಿಯಲ್ಲಿ ಇನ್ನೊಂದು ಲೆಕ್ಕ ಶುರುವಾಗಿದೆ. 'ಕೆಲಸಕ್ಕೆ ಸಂಬಂಧಿಸದ ಮಾತು' ಎಂದು ಅದರ ಹೆಸರು. ಬೆಳಗಿನಿಂದ ಸಂಜೆಯವರೆಗೆ ನಾನು ಆಡುತ್ತಿದ್ದದ್ದು ಒಂದೇ ವಾಕ್ಯ: ಸದ್ದು ಕೇಳಿದಾಗ ಕೈ ಎತ್ತಿ. ಪರೀಕ್ಷೆಗೆ ಬಂದವರು ಗಾಜಿನ ಆಚೆ, ನಾನು ಈಚೆ. ಸಂಜೆ ಐದಕ್ಕೆ ಊರಿನವರು ಹಾಲು ಕರೆಯಲು, ಮಕ್ಕಳು ಮನೆಗೆ ಹೋಗುತ್ತಿದ್ದರು. ನಾನು ಫೋಮಿನ ಕೋಣೆಯ ಪಕ್ಕದ ಹಲಗೆಯ ಮೇಲೆ ಕೂತು ಅನ್ನ ಬೇಯಿಸುತ್ತಿದ್ದೆ. ಮಂಗಳವಾರ: 4 ಮಾತು. ಬುಧವಾರ: 2. ಗುರುವಾರ: 0. ಆ ಸೊನ್ನೆಯನ್ನು ಬರೆದು, ಬಾಗಿಲು ತೆಗೆದು ಹೊರಗೆ ನಿಂತು, ಯಾರಿಗಾದರೂ ಫೋನ್ ಮಾಡೋಣವೆಂದು ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದ್ದು ನೆನಪಿದೆ. ಮಾಡಲಿಲ್ಲ. ಏನು ಹೇಳುವುದು? ಇವತ್ತು ವೋಲ್ಟೇಜು ಚೆನ್ನಾಗಿತ್ತು ಎಂದೇ?

ಫೆಬ್ರವರಿ 5, ಗುರುವಾರ, ಸಂಜೆ. ಅಂತರಸಂತೆಗೆ ಹತ್ತಿರದ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದ ಅಂಗಳದಲ್ಲಿ ಕಾರನ್ನು ಸಾಕೆಟ್ಟಿಗೆ ಹಾಕಿದೆ. ಬ್ಯಾಟರಿ ನೂರಕ್ಕೆ 28. ಬೆಳಿಗ್ಗೆ ಎದ್ದು ನೋಡಿದರೆ 31. ಹೊಲಗಳಿಗೆ ತ್ರೀ ಫೇಸ್ ಕೊಟ್ಟಾಗ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲೂ ಆಗಿ ವೋಲ್ಟೇಜು 170ಕ್ಕೆ ಬಿದ್ದಿದೆ. ಚಾರ್ಜರ್ ತನ್ನ ರಕ್ಷಣೆಗೆ ತಾನೇ ನಿಂತಿದೆ. ಆರು ಗಂಟೆಗೆ ಕರೆಂಟೇ ಹೋಯಿತು. ಉಪಕೇಂದ್ರದ ಆಯಾ, "ಲೈನ್ ಕೆಲ್ಸ ಅಂತೆ ಮೇಡಂ, ಇನ್ನು ಸಂಜೇಗೇ ಬರಾದು" ಎಂದರು.

ಕೂತು ಲೆಕ್ಕ ಹಾಕಿದೆ. 31 ಅಂದರೆ ಹೆಚ್ಚುಕಡಿಮೆ ಹನ್ನೆರಡು ಯೂನಿಟ್ಟು. ತಾಯಿ ಹೇಳಿದ ಹಿಂದಿನ ಊರಿಗೆ ಹದಿನಾಲ್ಕು ಕಿಲೋಮೀಟರ್, ಕೆಟ್ಟ ರಸ್ತೆ, ನಾಲ್ಕು ಯೂನಿಟ್ಟು ಬೇಕು. ಅಲ್ಲಿಂದ ಕೂಗಳತೆ ಒಂದು ಕಿಲೋಮೀಟರ್, ಬೇಡ, ಎರಡೇ ಇರಲಿ. ಹೋಗಿ ಬರಲು ಒಂಬತ್ತು. ಆಗುತ್ತದೆ. ಒಂದು ಷರತ್ತು: ನಾಲ್ಕು ಗಂಟೆಯೊಳಗೆ ಅಲ್ಲಿಂದ ಹೊರಡಬೇಕು. ಆಮೇಲೆ ಹಿನ್ನೀರಿಗೆ ಆನೆ ಇಳಿಯುತ್ತವೆ.

ಹಿಂದಿನ ಊರು ದಾಟಿ ರಸ್ತೆ ಕವಲೊಡೆಯುವ ಜಾಗಕ್ಕೆ ಬಂದಾಗ 9.50, ಬ್ಯಾಟರಿ ನೂರಕ್ಕೆ 20. ಕೊಪ್ಪಲು ಕಾಣಲಿಲ್ಲ. ಫೋನಿನ ನಕ್ಷೆ ತೆರೆದೆ. ಕೊಪ್ಪಲು ಬಲಗಡೆಗೇ ಇತ್ತು, ನಡುವೆ ಹಿನ್ನೀರಿನ ನೀಲಿ ಬಣ್ಣ. ರಸ್ತೆ ಆ ನೀಲಿಯನ್ನು ಬಳಸಿಕೊಂಡು ಹೋಗುತ್ತಿತ್ತು. ಹದಿಮೂರು ಕಿಲೋಮೀಟರ್.

ಎರಡು ಸಲ ನೋಡಿದೆ. ಹದಿಮೂರೇ.

ಟ್ರೈಲರ್ ಎಳೆದುಕೊಂಡು ಹೋದರೆ ನೂರಕ್ಕೆ ಒಂಬತ್ತು ಉಳಿದಿರುವಾಗ ಕೊಪ್ಪಲು ಸೇರುತ್ತೇನೆ, ವಾಪಸ್ ಬರಲಾರೆ. ಟ್ರೈಲರನ್ನು ಇಲ್ಲೇ ಬಿಟ್ಟು ಬರೀ ಕಾರಿನಲ್ಲಿ ಹೋಗಿ ತಾಯಿ ಮಗುವನ್ನು ಕರೆತಂದು ಮತ್ತೆ ಬಿಟ್ಟು ಬಂದರೆ ಐವತ್ತೆರಡು ಕಿಲೋಮೀಟರ್. ಇಪ್ಪತ್ತೂ ಅಲ್ಲಿಗೇ ಮುಗಿಯುತ್ತದೆ. ಕೊಪ್ಪಲಿನ ಪಟ್ಟಿಯಲ್ಲಿ ಮಗುವಲ್ಲದೆ ಇನ್ನೂ ಹತ್ತು ಹೆಸರಿತ್ತು. ಸಂಯೋಜಕರಿಗೆ ಫೋನ್ ಹಚ್ಚಿದೆ. ಒಂದೇ ಗೆರೆ ಸಿಗ್ನಲ್.

"ಗೊತ್ತಿಲ್ಲದ ಜಾಗದಲ್ಲಿ ಸಿಕ್ಕಿಹಾಕ್ಕೋಬೇಡಮ್ಮ. ಜಾಗನೂ ನೀನೇ ಬದಲಾಯಿಸ್ಬೇಡ, ಪರೀಕ್ಷೆ ಊರೊಳಗೇ ಆಗ್ಬೇಕು ಅಂತಿದೆ. 'ತಲುಪಲಿಲ್ಲ' ಅಂತ ಹಾಕಿ ವಾಪಸ್ ಬಾ. ನಿನ್ನ ತಪ್ಪಲ್ಲ."

ಲೈನು ಹೋಯಿತು. ಹಾಳೆ ತೆಗೆದು ಸ್ಟೇರಿಂಗ್ ಮೇಲಿಟ್ಟುಕೊಂಡೆ. ಎರಡನೆಯ ಚೌಕದ ಮೇಲೆ ಪೆನ್ನು ಇಟ್ಟದ್ದೂ ನಿಜ.

ದನ ಮೇಯಿಸುತ್ತಿದ್ದ ಒಬ್ಬ ಅಜ್ಜ ಟ್ರೈಲರಿಗೆ ಒಂದು ಸುತ್ತು ಹಾಕಿ, ಅದರ ಕಿಟಕಿಯಲ್ಲಿ ಇಣುಕಿ, ನನ್ನ ಹತ್ತಿರ ಬಂದರು. "ಒಬ್ಳೇನವ್ವಾ?"

"ಹೂಂ ಅಜ್ಜ. ಆ ಕೊಪ್ಪಲಿಗೆ ಎಷ್ಟು ದೂರ?"

"ಅಗೋ, ಎಂಚು ಕಾಣ್ತದಲ್ಲ ಮರದ ಸಂದೀಲಿ, ಅದೇಯ. ಒಂದು ಕೂಗಳತೆ."

ನನಗೆ ಸಿಟ್ಟು ಬಂತು. "ಎಲ್ಲರೂ ಅದನ್ನೇ ಹೇಳ್ತೀರ. ಹದಿಮೂರು ಕಿಲೋಮೀಟರ್ ಇದೆ!"

"ಅದ್ಮೂರಾ? ಅದು ಬಸ್ಸು ಓಗೋ ದಾರಿ ಕಣವ್ವ. ಮನುಸ್ರು ಯಾಕೆ ಅಂಗೋದಾರು?"

"ನಡುವೆ ನೀರಿದೆಯಲ್ಲ."

ಅಜ್ಜ ದಿಬ್ಬದ ಕಡೆ ಕೈ ತೋರಿಸಿದರು. "ಎಲ್ಲವ್ವ ನೀರು? ಸಂಕ್ರಾಂತಿ ಕಳೀತು, ನೀರು ಇಳೀತು. ದನ ಒಡ್ಕಂಡು ದಿನಾ ಅತ್ಲಿಂದಲೇ ಬತ್ತೀನಲ್ಲ ನಾನು."

ಕಾರಿನಿಂದ ಇಳಿದು ದಿಬ್ಬದ ಅಂಚಿಗೆ ಹೋಗಿ ನೋಡಿದೆ. ನಕ್ಷೆಯ ನೀಲಿ ಇರಬೇಕಾದ ಕಡೆ ಹಸಿರು ಗರಿಕೆ, ಒಣ ಮಣ್ಣು, ನಡುವೆ ದನದ ಗೊರಸು ಮಾಡಿದ ಬಿಳಿ ಗೆರೆಯಂಥ ದಾರಿ. ಆರು ನೂರು ಮೀಟರ್ ಇದ್ದರೆ ಹೆಚ್ಚು. ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ಅವರು ಹೇಳಿದ್ದು ಕಾಲಿನ ಲೆಕ್ಕ, ನಾನು ಬರೆದುಕೊಂಡದ್ದು ಚಕ್ರದ ಲೆಕ್ಕ.

"ಅವರು ಇಲ್ಲಿಗೆ ಬರ್ತಾರಾ ಅಜ್ಜ, ನಡ್ಕೊಂಡು?"

"ಕರುದ್ರೆ ಬತ್ತಾರೆ. ಕೂಗ್ಲಾ?" ಎನ್ನುತ್ತಲೇ ಅವರು ಎರಡೂ ಕೈ ಬಾಯಿಗಿಟ್ಟುಕೊಂಡರು. "ಏಯ್ ಕೊಪ್ಪಲ್ನೋರೇ... ಕಿವಿ ಡಾಕ್ಟ್ರಮ್ಮ ಬಂದವ್ರೇ... ಇತ್ಲಾಗ್ ಬನ್ರೋ..."

ನಾನು ಡಾಕ್ಟರಲ್ಲ ಎಂದು ಎಲ್ಲ ಊರಲ್ಲೂ ಹೇಳುತ್ತಿದ್ದೆ. ಅವತ್ತು ಹೇಳಲಿಲ್ಲ. ಆಚೆ ದಡದಿಂದ ಹೆಣ್ಣುದನಿಯೊಂದು ತೆಳ್ಳಗೆ ತೇಲಿ ಬಂತು. ಏನೆಂದು ನನಗೆ ತಿಳಿಯಲಿಲ್ಲ. "ಬತ್ತಾವ್ರೆ" ಎಂದರು ಅಜ್ಜ.

ಹಾಳೆಯನ್ನು ಮಡಚಿ ಡ್ಯಾಶ್‌ಬೋರ್ಡಿಗೆ ಹಾಕಿದೆ. ಮಾತು ಮೀರಿ ಜಾಗ ಬದಲಾಯಿಸಿದ್ದು ಆ ಇಪ್ಪತ್ತೆರಡರಲ್ಲಿ ಅದೊಂದೇ ಸಲ. ಟ್ರೈಲರನ್ನು ಹಿಮ್ಮುಖವಾಗಿ ಒಂದು ಹೊಂಗೆ ಮರದ ನೆರಳಿಗೆ ತಂದು ಕಳಚಿದೆ, ನಾಲ್ಕೂ ಮೂಲೆಗೆ ಕಾಲು ಕೊಟ್ಟು ಮಟ್ಟ ಮಾಡಿದೆ. ಒಳಗಿನ ಉಪಕರಣಕ್ಕೆ ಚಾವಣಿಯ ಸೋಲಾರ್ ಸಾಕು, ಕಾರಿನಿಂದ ಏನೂ ಬೇಡ. ಶಬ್ದಮಾಪಕ ಹಚ್ಚಿದಾಗ ಅಷ್ಟೂ ಜಾಗಗಳಲ್ಲೇ ಅತಿ ಕಡಿಮೆ ಅಂಕಿ ಬಂತು. ಗಿರಣಿ ಇಲ್ಲ, ಶಾಲೆ ಇಲ್ಲ, ರಸ್ತೆಯಲ್ಲಿ ಓಡಾಟವಿಲ್ಲ. ಪಟ್ಟಿಯಲ್ಲಿದ್ದ ಯಾವ ಊರೊಳಗೂ ಇಷ್ಟು ಒಳ್ಳೆಯ ಪರೀಕ್ಷೆ ಸಾಧ್ಯವಿರಲಿಲ್ಲ.

ಪಟ್ಟಿಯ ಹನ್ನೊಂದರಲ್ಲಿ ಒಂಬತ್ತು ಜನ ಬಂದರು, ಜೊತೆಗೆ ಮನೆಯವರು, ಒಬ್ಬರ ಹಿಂದೆ ಒಬ್ಬರು, ಆ ಬಿಳಿ ಗೆರೆಯ ಮೇಲೆ. ಮುಂದೆ ಆ ತಾಯಿ, ಸೊಂಟದಲ್ಲಿ ಮಗು. ಹಿಂದೆ ಅತ್ತೆ, ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡಿದ್ದರು. ಅವರ ಮೊದಲ ಮಾತು ನನ್ನೊಡನಲ್ಲ, ಅಜ್ಜನೊಡನೆ: "ಏನ್ ಗಂಟ್ಲಪ್ಪ ನಿಂದು, ಕೋಳಿ ಎಲ್ಲಾ ಎದ್ದೋದ್ವು." ಆಮೇಲೆ ನನ್ನ ಕಡೆ ತಿರುಗಿ, "ಇವ್ಳಿಗೇನಾಗಿಲ್ಲ ಕಣವ್ವ. ಕಳ್ಳಿ. ಬೆಲ್ಲದ ಡಬ್ಬ ತೆಗುದ್ರೆ ಓಡ್ಬತ್ತಾಳೆ."

"ಅದು ನೋಡಿ ಬತ್ತಾಳೆ ಕಣತ್ತೆ, ಕೇಳಿ ಅಲ್ಲ" ಎಂದರು ತಾಯಿ, ಮೆಲ್ಲಗೆ.

ಸಣ್ಣ ಮಕ್ಕಳಿಗೆ ಕೈ ಎತ್ತಲು ಹೇಳಿ ಪ್ರಯೋಜನವಿಲ್ಲ. ಆಟ ಕಟ್ಟಬೇಕು. ಸದ್ದು ಬಂದಾಗ ಒಂದು ಕಾಳು ಲೋಟಕ್ಕೆ. ನನ್ನ ಬಣ್ಣದ ಮಣಿಗಳನ್ನು ಮಗು ಬಾಯಿಗೆ ಹಾಕಿಕೊಂಡಿತು. ಅತ್ತೆ ಸೆರಗು ಬಿಚ್ಚಿದರು; ಒಳಗೆ ಅವರೆಕಾಯಿ ಇತ್ತು, ನನಗೆಂದು ತಂದದ್ದು. ಸುಲಿದು ಹಿಡಿಯಷ್ಟು ಕಾಳು ಕೊಟ್ಟರು. ಅದು ಮನೆಯ ಕೆಲಸವಾದ್ದರಿಂದ ಮಗುವಿಗೆ ಗೊತ್ತಿತ್ತು. ತುಂಬ ಜೋರಾದ ಸದ್ದಿನಿಂದ ಶುರು ಮಾಡಿ, ಅದರ ಬೆರಳು ಹಿಡಿದು ಕಾಳು ಹಾಕಿಸಿದೆ. ನಾಲ್ಕನೆಯ ಸಲ ತಾನೇ ಹಾಕಿತು. ಟಣ್. ನಕ್ಕಿತು. ಸದ್ದನ್ನು ಐದೈದು ಡೆಸಿಬೆಲ್ ಇಳಿಸುತ್ತ ಬಂದೆ. 85ರಲ್ಲಿ ಹಾಕಿತು. 80ರಲ್ಲಿ ಕಾಳು ಹಿಡಿದು ಕಾಯುತ್ತ ಕೂತಿತು. 75. ಕಾಯುತ್ತಲೇ ಇತ್ತು. ಎರಡು ಕಿವಿ, ನಾಲ್ಕು ಸ್ವರ, ಎಲ್ಲದಕ್ಕೂ ಸುಮಾರು ಅದೇ ಉತ್ತರ.

"ಮೆಷೀನ್ ನಡೀತಾ ಐತಾ?" ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

ಹೆಡ್‌ಫೋನನ್ನು ಅವರ ತಲೆಗೇ ಹಾಕಿ, ಮಗು ಕೊನೆಗೆ ಕಾಯುತ್ತ ಕೂತಿದ್ದ ಅದೇ 75ರ ಸದ್ದನ್ನು ಕೊಟ್ಟೆ. ಅವರು ಬೆಚ್ಚಿ ಎರಡೂ ಕೈಯಿಂದ ಕಿತ್ತು ತೆಗೆದರು.

"ಅಯ್ ಶಿವನೇ! ಇಷ್ಟ್ ಜೋರಾ?" ಎಂದವರು ಮಗುವನ್ನು ನೋಡಿದರು. ಅದು ಇನ್ನೂ ಕಾಳು ಹಿಡಿದುಕೊಂಡು ನನ್ನ ಮುಖ ನೋಡುತ್ತಿತ್ತು. "ಇದೂ ಕೇಳಾಕಿಲ್ವಾ ಅವ್ಳಿಗೆ?"

"ಇಲ್ಲ ಅಮ್ಮ."

ಅವರು ಟ್ರೈಲರಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೊಸೆಯ ಕಡೆ ನೋಡದೆ ಹೇಳಿದರು: "ಕೂಗಿದ್ರೆ ಬರ್ಲಿಲ್ಲ ಅಂತ ಒಡ್ದಿದ್ದೀನಿ ಕಣವ್ವ ನಾನು. ಎಷ್ಟೋ ಕಿತ."

ತಾಯಿ ಮಗುವಿನ ಅಂಗೈಯಿಂದ ಕಾಳು ತೆಗೆದುಕೊಂಡು ತಾವೇ ಲೋಟಕ್ಕೆ ಹಾಕಿದರು. ಮುಂದೆ ಆಗಬೇಕಾದ್ದನ್ನು ನಾನು ಹೇಳಿದೆ: ಮೈಸೂರಿನಲ್ಲಿ ಇನ್ನೊಂದು ದೊಡ್ಡ ಪರೀಕ್ಷೆ, ಕಿವಿಗೆ ಯಂತ್ರ, ಆಮೇಲೆ ಮಾತು ಕಲಿಸುವುದು, ಬೇಗ ಆದಷ್ಟೂ ಒಳ್ಳೆಯದು, ಯುಗಾದಿಯವರೆಗೆ ಕಾಯಬಾರದು. ಜೀಪು ಬೆಳಿಗ್ಗೆ ಬರುತ್ತದೆ, ತೋಟದವರಿಗೆ ಇಷ್ಟು ಆಳೆಂದು ಮಾತು ಕೊಟ್ಟಾಗಿದೆ ಎಂದರು ತಾಯಿ.

"ನಾನ್ ಓಯ್ತೀನಿ ಕಾಪಿಗೆ" ಎಂದರು ಅತ್ತೆ, ಎದ್ದು ಸೆರಗು ಕೊಡವುತ್ತ. "ನೀನು ಮಗೀನ ಕರ್ಕಂಡು ಮೈಸೂರಿಗೋಗು."

"ನಿಮ್ಗೆ ಮಂಡಿ ನೋವು..."

"ಮಂಡಿ ಅಂಗೇ ಇರ್ಲಿ ಬುಡು. ಕುಯ್ಯಾದು ಕೈ ತಾನೆ."

3.35ಕ್ಕೆ ಒಂಬತ್ತನೆಯವರ ಪರೀಕ್ಷೆ ಮುಗಿಯಿತು. 3.50ಕ್ಕೆ ಕೊಂಡಿ ಕಟ್ಟಿದೆ. ಅಷ್ಟರಲ್ಲಿ ಅವರೆಲ್ಲ ಅರ್ಧ ದಾರಿ ದಾಟಿದ್ದರು. ಈಗ ಮಗು ಅಜ್ಜಿಯ ಸೊಂಟದಲ್ಲಿತ್ತು. ಉಪಕೇಂದ್ರ ಸೇರಿದಾಗ ನೂರಕ್ಕೆ 8. ಡೈರಿಯಲ್ಲಿ ಆ ದಿನ 'ಕೆಲಸಕ್ಕೆ ಸಂಬಂಧಿಸದ ಮಾತು' ಎಂಬ ಜಾಗ ಖಾಲಿ ಇದೆ. ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂದು ತಿಳಿಯಲಿಲ್ಲ.

ಮೊದಲ ಚೌಕಕ್ಕೇ ಗುರುತು ಹಾಕಿ, ಅಂಚಿನಲ್ಲಿ 'ಹಿನ್ನೀರಿನ ಈಚೆ ದಡ' ಎಂದು ಬರೆದು ಕೊಟ್ಟೆ. ಸಂಯೋಜಕರು ಒಂದು ದಿನ ಸಿಟ್ಟಾಗಿದ್ದು, ಶಬ್ದಮಾಪಕದ ಅಂಕಿ ನೋಡಿದ ಮೇಲೆ ಕೊಪ್ಪಲನ್ನು ಮುಂದಿನ ಪಟ್ಟಿಯಲ್ಲಿ ಉಳಿಸಿದರು. ತಾಯಿ ಮಗು ಎರಡು ವಾರದಲ್ಲಿ ಮೈಸೂರಿಗೆ ಬಂದು ಹೋದರು. ಆದರೆ ಆ ಕೊಪ್ಪಲಿನ ಹನ್ನೊಂದು ಹೆಸರಲ್ಲಿ ಎರಡು ಹಾಗೇ ಉಳಿದಿವೆ. ಒಬ್ಬರು ಹಾಸಿಗೆ ಹಿಡಿದ ಮುದುಕರು, ಒಬ್ಬರು ಬಾಣಂತಿ. ನಡೆದು ಬರಲಾರದವರಿಗೆ ನನ್ನ ಉಪಾಯ ಉಪಾಯವಲ್ಲ.

ಮುಂದಿನ ಸುತ್ತು ಆಗಸ್ಟಿನಲ್ಲಿ. ಆಗ ಅಲ್ಲಿ ನಕ್ಷೆಯಲ್ಲಿದ್ದ ಹಾಗೇ ನೀಲಿ ನೀರಿರುತ್ತದೆ. ಕೂಗು ದಾಟುತ್ತದೆ, ಜನ ದಾಟಲಾರರು. ಹದಿಮೂರು ಕಿಲೋಮೀಟರ್ ನಾನೇ ಹೋಗಬೇಕು, ಕೆಸರಿನಲ್ಲಿ, ಹೋಗಿ ಬರುವಷ್ಟು ಬ್ಯಾಟರಿ ಉಳಿಸಿಕೊಂಡು. ಟ್ರೈಲರಿನ ಚಪ್ಪಟೆ ಮುಖಕ್ಕೆ ಗಾಳಿ ಸೀಳುವಂಥದ್ದೇನಾದರೂ ಕಟ್ಟಿ ನೋಡಿದವರು, ಫೋಮಿಗಿಂತ ಹಗುರವಾಗಿ ಸದ್ದು ತಡೆಯುವ ವಸ್ತು ಬಲ್ಲವರು, ಪಂಪ್‌ಸೆಟ್ ಹೊತ್ತಿನಲ್ಲೂ ಹಳ್ಳಿಯ ಸಾಕೆಟ್ಟಿನಿಂದ ಚಾರ್ಜ್ ಮಾಡಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಜುಲೈ ಮುಗಿಯುವುದರೊಳಗೆ ಬರೆದರೆ ಆ ಇಬ್ಬರಿಗೆ ಉಪಯೋಗವಾಗುತ್ತದೆ.